ಅಪ್ಪನ ರೇಜರಿಗೊಂದು ಹಿಡಿ

ಅಪ್ಪಂದಿರಿಗೆ ಉಡುಗೊರೆ ಕೊಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಷರ್ಟು ತಂದರೆ "ಇರೋದೇ ಸವ್ದಿಲ್ಲ" ಎಂದು ಬೀರುವಿಗೆ ಸೇರಿಸುತ್ತಾರೆ. ವಾಚು ತಂದರೆ ಅಳಿಯನ ಕೈಗೆ ಕಟ್ಟುತ್ತಾರೆ. ನಮ್ಮಪ್ಪನಂತೂ ಈ ವಿದ್ಯೆಯಲ್ಲಿ ಪಂಡಿತರು.

ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಬಸ್ಸು ಓಡಿಸಿದವರು. ಗಡ್ಡ ಕೆರೆದುಕೊಳ್ಳದೆ ಒಂದು ದಿನವೂ ಸ್ಟೀರಿಂಗ್ ಮುಟ್ಟಿದವರಲ್ಲ. ಹೋದ ವರ್ಷ ಲಕ್ವ ಹೊಡೆಯಿತು. ಕಾಲು ಬೇಗ ಸುಧಾರಿಸಿತು. ಬಲಗೈ ಬೆರಳು ಮಾತ್ರ ಪೂರ್ತಿ ಮಡಚಲಿಲ್ಲ. ತೆಳ್ಳನೆಯ ರೇಜರು ಜಾರಿ ಬೀಳುತ್ತಿತ್ತು. ಎಡಗೈಯಲ್ಲಿ ಹಿಡಿಯಿರಿ ಎಂದರೆ, "ಅದು ಗೇರ್ ಹಾಕೋ ಕೈ ಕಣವ್ವ, ಗಡ್ಡಕ್ಕೆ ಬರಾಕಿಲ್ಲ" ಎಂದರು. ಕ್ಷೌರದವರನ್ನು ಕರೆಸೋಣವೆಂದರೆ, "ನಾನೇನ್ ಹೆಣವಾ, ಇನ್ನೊಬ್ರು ಕೆರೆಯಾಕೆ?" ಎಂದು ಗದರಿದರು. ಗಡ್ಡ ಬೆಳೆಯಿತು. ಅಪ್ಪ ಜಗಲಿಗೆ ಬರುವುದನ್ನೇ ಬಿಟ್ಟರು.

ನಾನಿರುವುದು ಚನ್ನಪಟ್ಟಣದಲ್ಲಿ. ಪಕ್ಕದ ಮನೆಯ ಶಬಾನಾ ಆಪಾ ಮರ ತಿರುಗಿಸುವ ಲೇತಿನಲ್ಲಿ ಮರದ ಬೊಂಬೆ ಕಡೆಯುತ್ತಾರೆ. ರೇಜರಿಗೆ ದಪ್ಪನೆಯ ಹಿಡಿಯೊಂದು ಮಾಡಿಕೊಡಿ ಎಂದು ಕೇಳಿದೆ.

"ನಿಮ್ಮಪ್ಪಂಗಲ್ವಾ? ನೀವೇ ಮಾಡಿ. ನಾನ್ ಪಕ್ಕದಲ್ಲೇ ಇರ್ತೀನಿ" ಎಂದರು.

ಮೊದಲ ಹಿಡಿ ಲಟ್ಟಣಿಗೆಯಾಯಿತು. ಆಮೇಲಿನದು ಬುಗುರಿ. ಕೊನೆಗೊಂದು ಹಿಡಿ ಹಿಡಿಯಂತೆಯೇ ಬಂತು. ತಿರುಗುತ್ತಿದ್ದ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದೆ. ಬಿಸಿಗೆ ಕರಗಿದ ಬಣ್ಣ ಅದನ್ನು ಸರ್ರನೆ ಸುತ್ತಿಕೊಂಡಿತು. ಒಂದು ಸೂಜಿಗೆ ನೆಟ್ಟಗೆ ದಾರ ಪೋಣಿಸಲಾರದ ನನ್ನ ಕೈಯಿಂದ ಇಂಥದ್ದೂ ಹುಟ್ಟಬಹುದೇ ಎಂದು ಬಾಯಿಬಿಟ್ಟು ನೋಡಿದೆ. ಆಪಾ ತೂತು ಕೊರೆದು ರೇಜರು ಕೂರಿಸಿಕೊಟ್ಟರು.

ಭಾನುವಾರ ಊರಿಗೆ ಹೋಗಿ ಕೊಟ್ಟೆ. ಅಪ್ಪ ತಿರುಗಿಸಿ ತಿರುಗಿಸಿ ನೋಡಿದರು. "ಇದೇನವ್ವ, ಗಿಲಕಿ ತಂದ್ಬುಟ್ಟಿದ್ದೀಯ?"

ಆದರೆ ಬೆರಳುಗಳು ಅದನ್ನು ತಬ್ಬಿ ನಿಂತವು. ಅಪ್ಪ ಕನ್ನಡಿ ಕೇಳಿದರು.

ನೊರೆ ಹಚ್ಚಿಕೊಂಡು, ಕಡಿದಾದ ತಿರುವಿನಲ್ಲಿ ಬಸ್ಸು ಇಳಿಸುವವರ ಹಾಗೆ, ಅಷ್ಟಷ್ಟಾಗಿ ಎಳೆದರು. ಅವ್ವ ಟವಲು ಹಿಡಿದು ನಿಂತಲ್ಲೇ ನಿಂತಳು. ಹುಟ್ಟಿದಾಗಿನಿಂದ ಕಂಡ ಮುಖವೇ. ಆದರೂ ಅದು ನೊರೆಯೊಳಗಿಂದ ಮೆಲ್ಲಗೆ ಹೊರಬರುವುದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಗದ್ದದ ಹತ್ತಿರ ಒಂದು ಗೀರು ಬಿದ್ದು ರಕ್ತ ಜಿನುಗಿತು. ಒರೆಸಲು ಹೋದೆ.

"ಇರ್ಲಿ ಬುಡು. ನಾನೇ ಕುಯ್ಕಂಡಿದ್ದು!"

ಆ ಗೀರನ್ನು ಅಪ್ಪ ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು. ಹಿಡಿಯ ಸುದ್ದಿಯನ್ನು ಯಾರ ಮುಂದೆಯೂ ಎತ್ತಲಿಲ್ಲ. ಉಡುಗೊರೆ ಕೈಗೆ ಸರಿಯಾಗಿ ಕೂತರೆ ಅದು ಕಾಣುವುದೇ ಇಲ್ಲವೇನೋ.