ಹಾಡಿಯ ದಾರಿಯಲ್ಲಿದ್ದ ಎರಡು ಕಲ್ಲು

ಕಳೆದ ಶನಿವಾರ ನಾನು ಕಾಡುದಾರಿಯಲ್ಲಿದ್ದ ಎರಡು ಕಲ್ಲುಗಳನ್ನು ಉರುಳಿಸಿ ಲಂಟಾನ ಪೊದೆಗೆ ತಳ್ಳಿದೆ. ಪರೋಪಕಾರ ಅಂದುಕೊಂಡೇ ತಳ್ಳಿದ್ದು. ಅದರಿಂದ ಒಬ್ಬ ಹೆಣ್ಣುಮಗಳ ಕೆಲಸಕ್ಕೇ ಕುತ್ತು ಬರುವುದರಲ್ಲಿತ್ತು.

ನನ್ನ ನಾದಿನಿ ಸುಶೀಲ (ಹೆಂಡತಿಯ ಕೊನೆಯ ತಂಗಿ) ಹನಗೋಡಿನಾಚೆ ಕಾಡಂಚಿನ ಊರೊಂದರಲ್ಲಿ ನರ್ಸು. ಸುತ್ತಲಿನ ಕಾಡಿನಲ್ಲಿ ಗಿರಿಜನರು ಇರುವ ಮೂರು ಹಾಡಿಗಳ ಬಸುರಿಯರು, ಬಾಣಂತಿಯರು, ಕೂಸುಗಳು ಎಲ್ಲ ಅವಳ ಪಾಲಿಗೆ. ನಡೆದು ಹೋದರೆ ದಿನಕ್ಕೆ ಒಂದೇ ಹಾಡಿ. ಹಾಗಾಗಿ ಆರು ತಿಂಗಳ ಹಿಂದೆ ಹಳೆಯದೊಂದು ಲೇಡೀಸ್ ಸೈಕಲ್ ಕೊಂಡು, ತಾನೇ ಕಲಿತು, ಈಗ ಮೂರನ್ನೂ ಒಂದೇ ದಿನ ಮುಗಿಸುತ್ತಾಳೆ.

ಸುದ್ದಿ ಕೆ.ಆರ್. ನಗರದ ಕಡೆ ಗದ್ದೆ ಮಾಡಿಕೊಂಡಿರುವ ನನ್ನ ಮಾವನವರ ಕಿವಿಗೆ ಬಿತ್ತು. ನನಗೆ ಬುಲಾವ್ ಬಂತು.

“ಆನೆ ತಿರುಗೋ ಜಾಗ್ದಲ್ಲಿ ಎಣ್ಮಗ್ಳು ಸೈಕಲ್ ತುಳ್ಕಂಡು ಓಗೋದಾ? ನೀವೇ ಒಂದ್ಸಲ ಓಗಿ ನೋಡ್ಕಂಡ್ ಬನ್ನಿ ಅಳಿಯಂದ್ರೇ. ನೀವು ಪರವಾಗಿಲ್ಲ ಅಂದ್ರೆ ಸರಿ. ಆಗಾಕಿಲ್ಲ ಅಂದ್ರೆ ಮೈಸೂರಿಗೆ ಟ್ರಾನ್ಸ್‌ಫರ್ ತಕ್ಕೋ ಅಂತ ಕಡ್ಡಿ ಮುರ್ದಂಗೆ ಏಳ್ಬುಡ್ತೀನಿ.”

ನಾನೇ ಯಾಕೆ? ಈ ಅಂಕಣದಲ್ಲಿ ನನ್ನ ಸೈಕಲ್ ಸವಾರಿಯ ಬಗ್ಗೆ ಎಷ್ಟು ಕೊಚ್ಚಿಕೊಂಡಿದ್ದೇನೆ ಅಂತ ನಿಮಗೆ ಗೊತ್ತೇ ಇದೆ. ಮಾವ ಅದನ್ನೆಲ್ಲ ಓದಿ ನಂಬಿದ್ದಾರೆ. (ಓದುಗರಲ್ಲಿ ಅಂಥವರೂ ಇರುತ್ತಾರೆ.)

ಹುಣಸೂರು ಬಸ್ಸಿನ ಟಾಪಿಗೆ ನನ್ನ ಸೈಕಲ್ ಕಟ್ಟಿಸಿ, ಅಲ್ಲಿಂದ ತುಳಿದುಕೊಂಡು ಹೋದೆ. ನಾದಿನಿ ಕಾಫಿ ಕೊಟ್ಟಳು. ನಾನು ಯಾಕೆ ಬಂದಿದ್ದೇನೆ ಅನ್ನುವುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಅನ್ನುವುದು ನನಗೂ ಗೊತ್ತಿತ್ತು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಮಾರನೆಯ ಬೆಳಿಗ್ಗೆ ಜಗಲಿಯ ಮೆಟ್ಟಿಲ ಪಕ್ಕಕ್ಕೆ ಸೈಕಲ್ ತಂದು, ಮೆಟ್ಟಿಲಿನ ಮೇಲೆ ನಿಂತು ಸೀಟಿಗೆ ಕುಳಿತಳು. ಸೀರೆ ಉಟ್ಟವರ ಅನುಕೂಲ ಅಂದುಕೊಂಡೆ.

ಊರು ದಾಟಿದರೆ ಹೊಗೆಸೊಪ್ಪಿನ ಹೊಲ. ಏರು, ಇಳಿಜಾರು, ಮತ್ತೆ ಏರು. ನೋಡಲು ಬಹಳ ಚೆಂದ. ಆ ಚೆಂದವೆಲ್ಲ ತೊಡೆಯಲ್ಲಿ ನೋವಾಗಿ ಕೂರುತ್ತದೆ. ಆಮೇಲೆ ತೇಗದ ತೋಪು. ಮರದ ಲಾರಿಗಳು ಓಡಾಡಿ ಎರಡು ಕಡೆ ಮೊಣಕಾಲುದ್ದ ಗುಂಡಿ ಬಿದ್ದಿವೆ. ನಡುವೆ ಉಳಿದಿರುವುದು ಗೇಣಗಲದ ದಿಣ್ಣೆ. ಸೈಕಲ್ ಅದರ ಮೇಲೆ ಹೋಗಬೇಕು. ಮೈಸೂರಿನ ಡಾಂಬರು ರಸ್ತೆಯಲ್ಲಿ ಇಪ್ಪತ್ತು ವರ್ಷ ತುಳಿದ ಎಕ್ಸ್‌ಪರ್ಟ್ ಐದೇ ನಿಮಿಷಕ್ಕೆ ಬಿದಿರು ಮೆಳೆಯೊಳಗಿದ್ದ.

ಸುಶೀಲ ನಿಲ್ಲಲಿಲ್ಲ! ಬಿದ್ದ ಭಾವನನ್ನು ದಾಟಿ ಹೋಗಿ, ಐವತ್ತು ಮಾರು ಆಚೆ ಒಂದು ಕಡಿದ ಮರದ ಬುಡದ ಬಳಿ ನಿಂತು, “ಪೆಟ್ಟಾಯ್ತಾ ಭಾವ?” ಎಂದು ಕೂಗಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಂದದ್ದು ಸಿಟ್ಟು.

“ಬ್ರೇಕ್ ಗಟ್ಟಿಯಾಗಿ ಹಿಡೀಬೇಡಿ, ಹಿಂದಿನ ಚಕ್ರ ಜಾರತ್ತೆ. ನೀವು ಮುಂದೆ ಹೋಗಿ, ನಾನು ನಿಮ್ಮ ಹಿಂದೇ ಬರ್ತೀನಿ” ಎಂದಳು. ದಾರಿಯಲ್ಲಿ ಆನೆ ಲದ್ದಿ ಕಂಡು ನಾನು ಕಾಲೂರಿದರೆ, ಹಿಂದಿನಿಂದ “ಅದು ನಿನ್ನೆಯದು, ನಡೀರಿ” ಅನ್ನುವ ಅಪ್ಪಣೆ ಬೇರೆ.

ಮಾನ ಉಳಿಸಿಕೊಳ್ಳಲು ನಾನು ಜೋರಾಗಿ ತುಳಿದು ಮೊದಲು ಹಾಡಿ ತಲುಪಿದೆ. ಹನ್ನೆರಡು ಗುಡಿಸಲು, ನಡುವೆ ಒಂದು ಅಂಗಳ. ಇಳಿಜಾರು ಮುಗಿಯುವ ಕಡೆ, ಮತ್ತಿಮರದ ಕೆಳಗೆ, ದಾರಿಗೆ ಅಂಟಿಕೊಂಡಂತೆ ಒಂದು ಚಪ್ಪಟೆ ಕಲ್ಲು. ಕೊನೆಯ ಗುಡಿಸಲ ಮುಂದೆ ಇನ್ನೊಂದು. ಹಿಂದೆ ಬರುವ ಹುಡುಗಿ ಎಡವಿದರೆ ಗತಿ ಏನು? ಈ ಜನಕ್ಕೆ ಅಷ್ಟೂ ತಿಳಿಯುವುದಿಲ್ಲವೇ? ಬೈದುಕೊಳ್ಳುತ್ತಲೇ ಎರಡನ್ನೂ ಉರುಳಿಸಿ ಪೊದೆಗೆ ತಳ್ಳಿ, ಬೆವರು ಒರೆಸಿಕೊಂಡು ನಿಂತೆ.

ಸುಶೀಲ ಬಂದಳು. ಮತ್ತಿಮರದ ಬಳಿ ಎಡಗಾಲು ಚಾಚಿದಳು. ಕಾಲಿಗೆ ಏನೂ ಸಿಗಲಿಲ್ಲ. ಸೈಕಲ್ ಓಲಾಡಿತು. ಸಾವರಿಸಿಕೊಂಡು ಮುಂದೆ ಹೋಗಿ, ಕೊನೆಯ ಗುಡಿಸಲ ಮುಂದೆ ಮತ್ತೆ ಕಾಲು ಚಾಚಿದಳು. ಅಲ್ಲೂ ಇಲ್ಲ. ಅಂಗಳ ಸುತ್ತತೊಡಗಿದಳು.

ಮೊದಲ ಸುತ್ತು: “ಭಾವ, ಇಲ್ಲೊಂದು ಕಲ್ಲಿತ್ತಲ್ಲ?”

“ನಾನೇ ತೆಗೆದೆ. ಅಡ್ಡ ಇತ್ತು.”

ಎರಡನೇ ಸುತ್ತು: “ಯಾಕ್ರೀ ತೆಗೆದ್ರಿ?”

ಮೂರನೇ ಸುತ್ತು: “ನಂಗೆ ಇಳಿಯೋಕೆ ಬರಲ್ಲ ಭಾವ!”

ಹಿಡಿಯಲು ಓಡಿದೆ. ಹ್ಯಾಂಡಲ್ ನನ್ನ ಪಕ್ಕೆಗೆ ಬಡಿಯಿತು. ಔಷಧಿ ಚೀಲ ಓಲಾಡುತ್ತಿತ್ತು, ಕೋಳಿಗಳು ಕೂಗುತ್ತಿದ್ದವು. ಅವಳು ಬಿದ್ದರೆ ನಾನು ಮಾವನಿಗೆ ಹೇಳುವುದೇನು? ಆಗಾಕಿಲ್ಲ ಅನ್ನುವ ಉತ್ತರ ನನ್ನ ಕಣ್ಣ ಮುಂದೆಯೇ ಸುತ್ತು ಹಾಕುತ್ತಿತ್ತು. ಅದೂ ನನ್ನದೇ ಕೈಕೆಲಸದಿಂದ.

ಅಷ್ಟರಲ್ಲಿ ಮಾದಿ ಅನ್ನುವ ಅಜ್ಜಿ ಗುಡಿಸಲಿನಿಂದ ಮರದ ಒರಳನ್ನು ಉರುಳಿಸಿಕೊಂಡು ಬಂದು, ಅಂಗಳದಲ್ಲಿ ಬೋರಲು ಹಾಕಿದಳು. ಒರಳಿನ ಮೇಲೆ ಕಾಲಿಡುವುದೇ? ಸುಶೀಲಳೂ ಅನುಮಾನಿಸಿ ಇನ್ನೊಂದು ಸುತ್ತು ಹಾಕಿದಳು.

“ಇಳೀ ಕಣವ್ವ! ಆಮೇಕೆ ಕೈ ಮುಗುದ್ರಾಯ್ತು!” ಎಂದು ಗದರಿದಳು ಅಜ್ಜಿ.

ಸುಶೀಲ ಒರಳಿನ ಮೇಲೆ ಕಾಲೂರಿ ಇಳಿದಳು. ಒರಳಿಗೆ ಕೈ ಮುಗಿದಳು. ಬಾಣಂತಿಯನ್ನು ನೋಡಲು ಒಳಗೆ ಹೋದಳು.

ಅಜ್ಜಿ ನನ್ನ ಕಡೆ ತಿರುಗಿದಳು. “ಅವು ದಾರಿಗೆ ಅಡ್ಡ ಬಿದ್ದಿದ್ ಕಲ್ಲಲ್ಲ ಸಾಮಿ. ವೊಳೆಯಿಂದ ವೊತ್ಕಂಡು ಬಂದು ನಾವೇ ಇಕ್ಕಿದ್ದು. ಮೊದ್ಲ ದಿನ ಕೂಸ್ಗೆ ಜರ ಅಂತ ನಾವು ಕೂಗ್ತಾನೇ ಇದ್ದೋ. ನರ್ಸಮ್ಮ ನಮ್ಮನ್ನ ನೋಡ್ಕಂಡೇ ಮುಂದಕ್ಕೆ ಓಗ್ಬುಟ್ಳು! ಇಳಿಯಾಕೆ ಬರ್ನಿಲ್ಲ, ಪಾಪ. ಆಚೆ ಎಲ್ಲೋ ಬಿದ್ದು, ಮಂಡಿ ತರಚ್ಕಂಡು, ನಡ್ಕಂಡೇ ವಾಪಸ್ ಬಂದ್ಳು.”

ಹೊಳೆ ಅಲ್ಲಿಂದ ಒಂದು ಮೈಲಿ ದೂರ. ಪೊದೆಗೆ ನುಗ್ಗಿ ಎರಡು ಕಲ್ಲನ್ನೂ ವಾಪಸ್ ತಂದು, ಅಜ್ಜಿ ತೋರಿಸಿದ ಜಾಗದಲ್ಲೇ ಇಟ್ಟೆ. ತಳ್ಳುವಾಗ ಇಲ್ಲದ ಭಾರ ಎಳೆಯುವಾಗ ಇತ್ತು. ಕೈಯೆಲ್ಲ ತರಚಿತು. ನಾದಿನಿ ಟಿಂಚರ್ ಹಚ್ಚಿದಳು, ಸ್ವಲ್ಪ ಜಾಸ್ತಿಯೇ.

ಹಚ್ಚುತ್ತಲೇ ಹೇಳಿದಳು. “ಕಲಿಯುವಾಗ ಎಲ್ಲರಿಗೂ ಹಿಂದೆ ಯಾರಾದ್ರೂ ಹಿಡ್ಕೋತಾರೆ ಭಾವ. ಊರಲ್ಲಿ ಕಲಿಯೋಣ ಅಂದ್ರೆ ಜನ ಸಿನಿಮಾ ನೋಡೋ ಹಾಗೆ ನಿಂತ್ರು. ತೇಗದ ತೋಪಲ್ಲಿ ಒಬ್ಬಳೇ ಕಲ್ತೆ. ಕಾಲು ನೆಲಕ್ಕೆ ನಿಲುಕಲ್ಲ. ಒಂದು ಮರದ ಬುಡದಲ್ಲಿ ಹತ್ತೋದು, ಇನ್ನೊಂದರಲ್ಲಿ ಇಳಿಯೋದು. ನೀವು ಅಪ್ಪನಿಗೆ ಹೇಳ್ಬಿಡ್ತೀರಿ ಅಂತ ಬಾಯಿ ಬಿಡಲಿಲ್ಲ.” ಟಿಂಚರ್ ಬಾಟಲಿಗೆ ಮುಚ್ಚಳ ಹಾಕುತ್ತಾ, “ಹೇಳ್ತೀರಾ?” ಎಂದಳು. ಅವಳ ದನಿ ಸಣ್ಣಗಾಗಿತ್ತು. ನನಗೆ ನಾಚಿಕೆಯಾಯಿತು.

ನಮ್ಮಂಥ ಓದಿದವರ ರೋಗವೇ ಇದು. ದಾರಿಯಲ್ಲಿ ಕಲ್ಲು ಕಂಡರೆ ತೆಗೆಯುತ್ತೇವೆ. ಯಾರಿಟ್ಟರು, ಯಾಕಿಟ್ಟರು ಅಂತ ಕೇಳುವ ಪುರುಸೊತ್ತಿಲ್ಲ. ತೆಗೆದ ಮೇಲೆ ಅದನ್ನೇ ಸರ್ವಿಸ್ ಅನ್ನುತ್ತೇವೆ.

ವಾಪಸ್ ಬಂದು ಮಾವನ ಮುಂದೆ ಕುಳಿತೆ. ಮುಚ್ಚಿಡಲು ಮನಸ್ಸು ಬರಲಿಲ್ಲ.

“ಓಡಿಸೋದರಲ್ಲಿ ನನಗಿಂತ ಗಟ್ಟಿಗಿತ್ತಿ. ಆದರೆ ಇಳಿಯೋಕೆ ಬರಲ್ಲ.”

ಮಾವನ ಮುಖ ಗಟ್ಟಿಯಾಯಿತು. “ಇಳಿಯಾಕೆ ಬರಾಕಿಲ್ಲ ಅಂದ್ಮೇಕೆ ಆ ಕಾಡಲ್ಲಿ ಅವ್ಳ್ನ ಇಡ್ಕಳೋರು ಯಾರು?”

ಹೊಳೆಯ ಕಲ್ಲಿನ ವಿಷಯ ಹೇಳಿದೆ. ಒರಳಿನ ವಿಷಯವನ್ನೂ ಹೇಳಿದೆ. ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಬೀದಿ ಬಾಗಿಲ ಕಡೆ ನೋಡಿದರು. ಟ್ರಾನ್ಸ್‌ಫರ್ ಮಾತು ಈಗ ಬರುತ್ತದೆ ಅಂತ ನಾನು ಕಾದೆ.

“ಅಲ್ಲಾ ಅಳಿಯಂದ್ರೇ, ನಮ್ಮನೆ ಬಾಗ್ಲಲ್ಲಿ ಒಂದು ಕಲ್ಲೂ ಇಲ್ವಲ್ಲ, ಅಬ್ಬಕ್ಕೆ ಸೈಕಲ್ ತಕ್ಕಂಡೇ ಬಂದ್ಬುಟ್ರೆ ನನ್ ಮಗಳು ಎಲ್ಲಿ ಇಳೀತಾಳೆ?”