ಹೊತ್ತು ಮೂಡುವ ಮುನ್ನ ಬರುವ ರಗತದಕ್ಕ

ಮದಗದ ಕೆರೆಯ ಮೇಲೆ ಮಂಜು ಕೂತಿದೆ. ನೀರು ಎಲ್ಲಿ ಮುಗಿಯಿತು, ಗದ್ದೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಮಾಸೂರಿನಿಂದ ಹೊರಟ ಸ್ಕೂಟಿಯೊಂದು ಆ ಬಿಳುಪಿನೊಳಗೆ ನುಗ್ಗಿ ಮಾಯವಾಗುತ್ತದೆ. ಸ್ವಲ್ಪ ಹೊತ್ತಿಗೆ ಆಚೆ ಏರಿಯ ಮೇಲೆ ಅದರ ದೀಪವಷ್ಟೇ ತೇಲುತ್ತದೆ. ಡೇರಿಗೆ ಹಾಲು ಹಾಕಲು ಹೊರಟ ಇಬ್ಬರು ಹೆಂಗಸರು ದೀಪ ಕಂಡೊಡನೆ ಮಾತು ನಿಲ್ಲಿಸಿ ದಾರಿಯ ಅಂಚಿಗೆ ಸರಿಯುತ್ತಾರೆ.

"ರಗತದಕ್ಕ ಹೊಂಟಾಳ. ಇವತ್ತ ಯಾರ ಮನಿಗೋ ಏನೋ."

ರಗತದಕ್ಕ ಎಂದರೆ ಯಶೋಧರಾ. ಕಾಲ ಬಳಿ ಮಂಜುಗಡ್ಡೆಯ ಪೆಟ್ಟಿಗೆ, ಹೆಗಲಿಗೆ ಸೂಜಿ, ಸೀಸೆಗಳ ಚೀಲ. ವೈದ್ಯಕೀಯ ಕಾಲೇಜೊಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಹಾರ್ಮೋನಿನ ಕಾಯಿಲೆಗಳ ಬಗ್ಗೆ ಸಂಶೋಧನೆ ನಡೆಸುತ್ತಿದೆ. ಯಾರಿಗೆ ಥೈರಾಯ್ಡ್, ಯಾವ ಮಕ್ಕಳಿಗೆ ಸಕ್ಕರೆ ಕಾಯಿಲೆ ಎಂದು ಹುಡುಕಿ, ಅದೇ ಮನೆಗಳಿಗೆ ವರ್ಷದಲ್ಲಿ ಮೂರ್ನಾಲ್ಕು ಸಲ ಹೋಗಿ ರಕ್ತ ತರುವುದು ಯಶೋಧರಾ ಅವರ ಕೆಲಸ. ಬೆಳಗಿನ ಚಾ ಕುಡಿಯುವ ಮೊದಲೇ ತರಬೇಕು. ಹೀಗಾಗಿ ಅವರು ಹೊಕ್ಕುವ ಮನೆಗಳಲ್ಲಿ ಒಲೆ ಹೊತ್ತಿರುವುದಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂತ ಹಸಿದ ಮಂದಿ ಉಸಿರೆತ್ತದೆ ಅವರ ಕೈಯನ್ನೇ ನೋಡುತ್ತಿರುತ್ತಾರೆ. ಮೊದಮೊದಲು ಬೊಗಳುತ್ತಿದ್ದ ನಾಯಿಗಳೂ ಈಗ ಸ್ಪಿರಿಟ್ಟಿನ ವಾಸನೆಗೆ ಬಾಲ ಮುದುರಿಕೊಂಡು ಎದ್ದು ಹೋಗುತ್ತವೆ.

"ನನ್ನ ನೋಡಿದ್ರ ಮಂದಿ ಹೆದರ್ತಾರ್ರಿ. ಹೆದರ್ಲಿ ಬಿಡ್ರಿ. ಕೈ ಚಾಚಿದ್ರ ಸಾಕು," ಎನ್ನುತ್ತಾರೆ ಯಶೋಧರಾ.

ಹೆದರಿಕೆ ಅವರಿಗೂ ಹೊಸದಲ್ಲ. ಮಕ್ಕಳಿಗೆ ಯಶೋಧರಾ, ಸಂಜಯ ಎಂದು ಹೆಸರಿಟ್ಟು, ಗೋಡೆಗೆ ಬುದ್ಧನ ಪಟ ತೂಗುಹಾಕಿದ ಮನೆ ಅವರದು. ಅಪ್ಪ, ಅವ್ವ ಇಬ್ಬರೂ ಹೊಲದ ಕೂಲಿಗೆ ಹೋಗುತ್ತಿದ್ದರು. ತಮ್ಮ ಸಂಜಯನಿಗೆ ಆರೇಳು ವರ್ಷವಿದ್ದಾಗ ಇದ್ದಕ್ಕಿದ್ದಂತೆ ನೀರಡಿಕೆ ಶುರುವಾಯಿತು. ಕೊಡಕ್ಕೆ ಬಾಯಿ ಹಚ್ಚಿದರೆ ಬಿಡುತ್ತಿರಲಿಲ್ಲ. ಅವನು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಸಾಲುಗಟ್ಟಿ ಬರುತ್ತಿದ್ದವು. ಮೈಯೆಲ್ಲ ಒಣಗಿ ಎಲುಬು ಎದ್ದವು. ಕೊನೆಯ ದಿನ ದೂರ ಓಡಿ ಬಂದವನ ಹಾಗೆ ಏದುತ್ತ ಮಲಗಿದ್ದ, ಉಸಿರಿನಲ್ಲಿ ಕೊಳೆತ ಹಣ್ಣಿನ ಗಮಲು. ನೀರಿಲ್ಲದೆ ಸತ್ತ ಯಾವುದೋ ಜೀವ ಹುಡುಗನೊಳಗೆ ಕೂತು ಕುಡಿಯುತ್ತಿದೆ ಎಂದರು ಓಣಿಯವರು. ಅಕ್ಕನಿಗೂ ಹಾಗೆಯೇ ಕಂಡಿತ್ತು.

ದೊಡ್ಡವರಾಗಿ ರಕ್ತ ತೆಗೆಯುವ ಕೆಲಸ ಕಲಿತು ಈ ಸಂಶೋಧನೆಗೆ ಸೇರಿದಾಗ, ತರಬೇತಿಯಲ್ಲಿ ಡಾಕ್ಟರ್ ಹೇಮಾ ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣ ಹೇಳುತ್ತಿದ್ದರು: ನೀರಡಿಕೆ, ಇರುವೆ, ಹಣ್ಣಿನ ವಾಸನೆ. ಯಶೋಧರಾ ಎದ್ದು ಹೊರಗೆ ಹೋಗಿ ಕಂಬ ಹಿಡಿದು ನಿಂತುಬಿಟ್ಟರು. "ದೆವ್ವಕ್ಕ ಒಂದು ಹೆಸರಿತ್ರಿ. ಅದಕ್ಕ ಔಷಧನೂ ಇತ್ತು. ನಮಗ ಯಾರೂ ಹೇಳಿರಲಿಲ್ಲ."

ಇಷ್ಟು ತಿಳಿದ ಮೇಲೂ ಅಬಲೂರಿನ ಮನೆಯ ಮಾತು ಬಂದರೆ ಅವರ ದನಿ ತಗ್ಗುತ್ತದೆ.

ಅದು ಪರಮೇಶಪ್ಪ ಎಂಬ ಜಮೀನುದಾರರ ಮನೆ. ಕಳೆದ ಮಳೆಗಾಲದಲ್ಲಿ ಯಶೋಧರಾ ಮೊದಲ ಸಲ ಅಲ್ಲಿಗೆ ಹೋದಾಗ ಪಡಸಾಲೆಯ ತುಂಬ ಜನ. ನಡುವೆ ಹೊರಸಿನ ಮೇಲೆ ಪರಮೇಶಪ್ಪನವರ ಹೆಂಡತಿ ಗುತ್ತೆವ್ವ ಎರಡು ಕೌದಿ ಹೊದ್ದು ಕೂತಿದ್ದರು. ಊದಿದ ಮುಖ, ಉದುರಿದ ಹುಬ್ಬು, ರೆಪ್ಪೆ ಬಡಿಯದ ಕಣ್ಣು. ಬಂದವರಲ್ಲಿ ಯಾರೋ ತಮ್ಮ ಮಗಳ ಮದುವೆಯ ಬಗ್ಗೆ ಕೇಳಿದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆ ಹೆಣ್ಣಿನ ಗಂಟಲಿನಿಂದ ಮುದಿ ಗಂಡಸಿನ ಒಡಕು ದನಿ ಹೊರಟಿತು: "ಈ ವರ್ಷ ಬ್ಯಾಡ."

ಜನ ಕೈಮುಗಿದರು. ಆ ದನಿ ಪರಮೇಶಪ್ಪನವರ ಅಪ್ಪ, ಮೂರು ವರ್ಷದ ಹಿಂದೆ ಸತ್ತ ಅಜ್ಜಪ್ಪನವರದು ಎಂದು ಊರಿಗೆ ಊರೇ ನಂಬಿತ್ತು.

ಯಶೋಧರಾ ಅವರ ತಾಯಿ ದಾನವ್ವನ ತವರು ಅಬಲೂರೇ. ಇದೇ ಮನೆಯ ಹೊಲದಲ್ಲಿ ಕಳೆ ಕಿತ್ತು, ಇದೇ ಅಂಗಳದಲ್ಲಿ ದೂರ ನಿಂತು ಕೂಲಿಯ ಜೋಳ ಇಸಿದುಕೊಂಡವರು ಅವರು. ಯಶೋಧರಾ ಗುತ್ತೆವ್ವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ಚರ್ಮ ಮಣ್ಣಿನ ಗಡಿಗೆಯಂತೆ ಒರಟಾಗಿ, ತಣ್ಣಗಿತ್ತು. ಗುತ್ತೆವ್ವನ ತಲೆ ನಿಧಾನಕ್ಕೆ ಅವರ ಕಡೆ ಹೊರಳಿತು.

"ದಾನವ್ವನ ಮಗಳಲ್ಲಾ ನೀ? ಹೊರಗ ನಿಲ್ಲು."

ಯಶೋಧರಾ ನೆನೆಯುತ್ತಾರೆ: "ಗುತ್ತೆವ್ವಾರು ಈ ಮನಿ ಸೊಸಿ, ನಮ್ಮವ್ವನ್ನ ನೋಡಿರ್ತಾರ, ಅದಕ್ಕ ಗುರ್ತ ಹಿಡಿದಾರ ಅಂತ ನನಗ ನಾನೇ ಹೇಳ್ಕೊಂಡೆ. ಆದ್ರ ನಮ್ಮವ್ವನ್ನ ಹಂಗ ನಿಲ್ಲಸ್ತಿದ್ದದ್ದು ಅಜ್ಜಪ್ಪಗೌಡ್ರು. ಆ ಮಾತೂ ಅವರದ, ಆವಾಜೂ ಅವರದ." ಆದರೂ ಅವರು ಹೊರಗೆ ಹೋಗಲಿಲ್ಲ. ನರ ಹುಡುಕಿ ಸೂಜಿ ಚುಚ್ಚಿದರು. ರಕ್ತ ಬಲು ನಿಧಾನವಾಗಿ ಸೀಸೆಗೆ ಇಳಿಯಿತು.

ವರದಿ ಬಂದಾಗ ಡಾಕ್ಟರ್ ಹೇಮಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರು. ಗುತ್ತೆವ್ವನ ಥೈರಾಯ್ಡ್ ಗ್ರಂಥಿ ಹೆಚ್ಚುಕಡಿಮೆ ಸತ್ತೇಹೋಗಿತ್ತು. ಮೈ ತಣ್ಣಗಾಗುವುದು, ಬುದ್ಧಿ ಮಂಕಾಗುವುದು, ಗಂಟಲು ದಪ್ಪಗಾಗಿ ದನಿ ಗಡಸಾಗುವುದು ಎಲ್ಲವೂ ಅದರಿಂದಲೇ. ದಿನಾ ಬೆಳಿಗ್ಗೆ ಒಂದು ಗುಳಿಗೆ ನುಂಗಿದರೆ ಸರಿಹೋಗುತ್ತದೆ ಎಂದು ಅವರೇ ಮನೆಗೆ ಬಂದು ತಿಳಿಸಿದರು. ಪರಮೇಶಪ್ಪ ಗುಳಿಗೆ ಇಸಿದುಕೊಂಡರು, ಚಾ ಕುಡಿಸಿ ಕಳಿಸಿದರು. ಗುಳಿಗೆ ಮಾತ್ರ ಗುತ್ತೆವ್ವನ ಬಾಯಿಗೆ ಹೋಗಲಿಲ್ಲ.

ಚಳಿಗಾಲದ ಒಂದು ನಸುಕಿನಲ್ಲಿ ಆ ಮನೆಯ ಸೊಸೆ ರಾಜಶ್ರೀ ಫೋನು ಮಾಡಿದಳು. ಪಿಸುದನಿ. "ಅಕ್ಕಾರ, ಲಗೂನ ಬರ್ರಿ. ಅತ್ತಿ ಏಳವಲ್ರು. ಮೈ ಕಲ್ಲಾಗೈತಿ."

ಯಶೋಧರಾ ಹೋದಾಗ ಪಡಸಾಲೆಯಲ್ಲಿ ದೀಪ ಹಚ್ಚಿದ್ದರು. ಹೊರಸಿನ ಸುತ್ತ ಜನ ಸುಮ್ಮನೆ ಕೂತು ಕಾಯುತ್ತಿದ್ದರು. ಗುತ್ತೆವ್ವನ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ, ಮುಗಿದೇಹೋಯಿತೇನೋ ಎನ್ನುವಷ್ಟು ಬಿಡುವು. ಕಂಕುಳಲ್ಲಿಟ್ಟ ಥರ್ಮಾಮೀಟರಿನ ಪಾದರಸ ಮೇಲೇರಲೇ ಇಲ್ಲ.

"ಮುಟ್ಟಬ್ಯಾಡ," ಎಂದರು ಪರಮೇಶಪ್ಪ. "ಅಪ್ಪ ಏನೋ ದೊಡ್ಡ ಮಾತ ಹೇಳಾಂವ ಅದಾನ. ಅದಕ್ಕ ಇಷ್ಟ ಹೊತ್ತ."

"ಗೌಡ್ರ, ನಿಮ್ಮಪ್ಪಗ ಒಮ್ಮೆ ಮಣ್ಣ ಕೊಟ್ಟೀರಿ. ಈಗ ಸಾಯಾಕತ್ತಾಕಿ ನಿಮ್ಮ ಹೆಂಡ್ತಿ," ಎಂದು ಯಶೋಧರಾ ಹೊರಸಿನ ತಲೆಗಡೆ ಹಿಡಿದರು. ಯಾರೂ ಕದಲಲಿಲ್ಲ. ರಾಜಶ್ರೀ ಎದ್ದು ಬಂದು ಕಾಲುಗಡೆ ಹಿಡಿದಳು. ಹೊರಸು ಹೊಸ್ತಿಲು ದಾಟಿದ ಮೇಲೆ ಪರಮೇಶಪ್ಪ ಗಾಡಿಯ ಕೀಲಿ ತಂದರು.

ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿ, ಯಾರೂ ಏನೂ ಕೇಳದಿದ್ದರೂ, ಹಿಂದಿನ ಸೀಟಿನಿಂದ ಆ ಒಡಕು ದನಿ ಬಂತು. "ಥಂಡಿ."

ಪರಮೇಶಪ್ಪ ಗಾಡಿ ನಿಲ್ಲಿಸಿದರು. ಅದು ಅಪ್ಪನದೇ ದನಿ. ಆದರೆ ಬದುಕಿದ್ದಷ್ಟು ದಿನ ಅಪ್ಪ ಥಂಡಿ ಎಂದವರಲ್ಲ, ನೋವು ಎಂದವರಲ್ಲ. ಅವರು ತಿರುಗಿ ಹೆಂಡತಿಯ ಮುಖವನ್ನು ನೋಡುತ್ತಲೇ ಇದ್ದರು. ಆಮೇಲೆ ತಾವು ಹೊದ್ದಿದ್ದ ಕಂಬಳಿ ತೆಗೆದು ಹಿಂದಕ್ಕೆ ಚಾಚಿದರು. ಯಶೋಧರಾ ಅದನ್ನು ಹೊದಿಸಿದರು. ಗಾಡಿ ಮತ್ತೆ ಹೊರಟಿತು.

ಗುತ್ತೆವ್ವ ಉಳಿದರು. ಒಂದು ತಿಂಗಳಿಗೆ ಕೈ ಬೆಚ್ಚಗಾಯಿತು. ಮುಖದ ಬಾವು ಇಳಿಯಿತು. ದನಿ ದಿನದಿನಕ್ಕೆ ತೆಳುವಾಗುತ್ತ ಬಂದು, ಒಂದು ಮುಂಜಾನೆ ರಾಜಶ್ರೀಯನ್ನು ಕೂಗಿದ್ದು ಪೂರಾ ಹೆಣ್ಣುದನಿಯಲ್ಲಿ. ಅಜ್ಜಪ್ಪನವರನ್ನು ಕೇಳಲು ಬರುತ್ತಿದ್ದ ಜನ ಪಡಸಾಲೆಯಿಂದ ಎದ್ದುಹೋದರು.

ಆ ದಿನಗಳಲ್ಲಿ ಏನಾಗುತ್ತಿತ್ತು ಎಂದು ಯಶೋಧರಾ ಒಮ್ಮೆ ಕೇಳಿದ್ದುಂಟು.

"ಕೆರಿ ತಳದಾಗ ಕುಂತಂಗ ಇರ್ತಿತ್ತವಾ," ಎಂದರಂತೆ ಗುತ್ತೆವ್ವ. "ಮ್ಯಾಲೆ ಮಂದಿ ಮಾತಾಡೋದು ಕೇಳ್ತಿತ್ತು. ಏನರೆ ಒಂದ ಜವಾಬು ಕೊಟ್ರ ಸುಮ್ಮನ ಹೋಗ್ತಾರಂತ ಕೊಡ್ತಿದ್ದೆ. ನಿನಗ ಹೊರಗ ನಿಲ್ಲು ಅಂದೆ ಅಂತಾರಲ್ಲ, ಆ ಮಾತೊಂದು ನನಗ ನೆನಪಿಲ್ಲ. ಆ ತಳದಾಗ ನಾ ಒಬ್ಬಾಕೇನ ಇದ್ದಿಲ್ಲ ಅನಸ್ತೈತಿ." ಹಾಗೆಂದು ಅವರು ಯಶೋಧರಾ ಅವರ ಕೈಯನ್ನು ಹಿಡಿದುಕೊಂಡು, ಬಹಳ ಹೊತ್ತು ಬಿಡಲಿಲ್ಲ.

ಇಂದು ಮಂಜು ದಾಟಿ ಅಬಲೂರು ಮುಟ್ಟಿದಾಗ ಇನ್ನೂ ಬೆಳಕು ಹರಿದಿಲ್ಲ. ಗುತ್ತೆವ್ವ ತೋಳು ಚಾಚುತ್ತಾರೆ, ಸೀಸೆ ಬೇಗ ತುಂಬುತ್ತದೆ. ಯಶೋಧರಾ ಸ್ಕೂಟಿ ಹತ್ತುವ ಹೊತ್ತಿಗೆ ದನದ ಕೊಟ್ಟಿಗೆಯ ನೆರಳಿನಿಂದ ಪರಮೇಶಪ್ಪ ಹೊರಬರುತ್ತಾರೆ. ನಿದ್ದೆಗೆಟ್ಟ ಕಣ್ಣು.

"ಯಶೋಧರವ್ವಾ, ಆ ಗುಳಿಗಿ... ಒಂದೆಂಟು ದಿನ ನಿಲ್ಲಿಸಿದ್ರ ನಡೀತೈತೇನು? ಎಂಟ ದಿನ ಅಷ್ಟ. ಅಪ್ಪನ್ನ ಒಂದು ಮಾತು ಕೇಳೋದೈತಿ."

ಯಶೋಧರಾ ಅವರಿಗೆ ಹೆದರಿಕೆಯಾಗುತ್ತದೆ. ಪರಮೇಶಪ್ಪನವರ ಬಗ್ಗೆ ಮರುಕವೂ ಆಗುತ್ತದೆ. "ಎಂಟ ದಿನಕ್ಕ ಯಾರೂ ಬರಂಗಿಲ್ರಿ ಗೌಡ್ರ. ಬಾಳ ದಿನ ಬಿಟ್ರ ಗುತ್ತೆವ್ವಾರು ಹೋಗ್ತಾರ," ಎನ್ನುತ್ತಾರೆ. ಪರಮೇಶಪ್ಪ ತಲೆಯಾಡಿಸಿ ಕೊಟ್ಟಿಗೆಗೆ ಮರಳುತ್ತಾರೆ. ಯಶೋಧರಾ ಚೀಲ ಇಳಿಸಿ ಮತ್ತೆ ಒಳಗೆ ಹೋಗುತ್ತಾರೆ. ರಾಜಶ್ರೀಯನ್ನು ಅಡುಗೆಮನೆಗೆ ಕರೆದು ಎರಡು ಮಾತಾಡುತ್ತಾರೆ. ಗುಳಿಗೆಯ ಡಬ್ಬಿ ಸೊಸೆಯ ಟ್ರಂಕಿಗೆ ಸೇರುತ್ತದೆ.

ಹೊತ್ತು ಮೂಡುವುದರೊಳಗೆ ಇನ್ನೂ ನಾಲ್ಕು ಮನೆ ಇವೆ. ಈ ಕೆಲಸದಿಂದ ನಿಮಗೇನು ಬೇಕು ಎಂದರೆ ಯಶೋಧರಾ ಪೆಟ್ಟಿಗೆಯ ಮುಚ್ಚಳ ಬಿಗಿಮಾಡುತ್ತ ನಗುತ್ತಾರೆ.

"ಒಂದಿನ ನಾ ಬಂದಾಗ ಈ ಮನಿಗೆ ಕೀಲಿ ಹಾಕಿರಬೇಕ್ರಿ. ಗುತ್ತೆವ್ವಾರು ಸೊಸಿನ್ನ ಕರ್ಕೊಂಡು ಹಿರೇಕೆರೂರ ಸಂತಿಗೆ ಹೋಗ್ಯಾರ, ನೀ ಬರೋದ ಮರ್ತಬಿಟ್ಟಾರ ಅಂತ ಬಾಜೂ ಮನ್ಯಾವ್ರು ಹೇಳಬೇಕು. ಅವತ್ತ ನಾ ಖಾಲಿ ಪೆಟಗಿ ತಗೊಂಡು ಖುಷಿಲೆ ಹೊಳ್ಳಿ ಹೋಗ್ತೇನಿ."