ಖಾಲಿ ಬೇರೆ, ಸೊನ್ನೆ ಬೇರೆ

ಬೀದರಿನಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದು ಸಂತಪುರದ ನನ್ನ ಅತ್ತೆಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಆಸ್ಟ್ರೇಲಿಯಾದವರು ತಮ್ಮದೇ ಒಂದು ಬಗೆಯ ಫುಟ್‌ಬಾಲ್ ಆಡುತ್ತಾರೆ. ಚೆಂಡು ಉದ್ದಕ್ಕೆ ಇರುತ್ತದೆ, ಮೈದಾನ ಮೊಟ್ಟೆಯ ಆಕಾರದಲ್ಲಿರುತ್ತದೆ, ಒಂದೊಂದು ತಂಡದಲ್ಲಿ ಹದಿನೆಂಟು ಜನ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ ನೆಟ್ಟಿರುತ್ತಾರೆ. ನಡುವಿನ ಎತ್ತರದ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ ಸಿಗುತ್ತದೆ. ತಪ್ಪಿದ್ದಕ್ಕೂ ಅಂಕ ಕೊಡುವ ಆಟ ಎಂದು ಮೊದಲ ದಿನ ಕೇಳಿದಾಗ ನನಗೆ ನಗು ಬಂದಿತ್ತು.

ಆ ಆಟದ ನೂರಿಪ್ಪತ್ತು ವರ್ಷಕ್ಕೂ ಹೆಚ್ಚಿನ ಕಾಲದ ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ ನಮ್ಮ ಆಫೀಸಿಗೆ ಕಳಿಸುತ್ತಾರೆ. ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ, ಅದೇ ಆಫೀಸು. ಐದಾರು ಜನ ಟೈಪ್ ಮಾಡುತ್ತಾರೆ. ಟೈಪ್ ಆದದ್ದನ್ನು ಕಂಪ್ಯೂಟರ್ ತಾಳೆ ನೋಡಿ, ಎಲ್ಲಿ ಸಂಖ್ಯೆ ವಿಚಿತ್ರ ಎನ್ನಿಸುತ್ತದೋ ಆ ಸಾಲಿಗೆ ಕೆಂಪು ಬಣ್ಣ ಹಚ್ಚುತ್ತದೆ. ಆ ಕೆಂಪು ಸಾಲುಗಳು ನನ್ನ ಪಾಲಿಗೆ ಬರುತ್ತವೆ. ಮೂಲದ ಹಾಳೆ ತೆರೆದು, ಇದು ಟೈಪ್ ಮಾಡಿದವರ ತಪ್ಪೋ ಅಥವಾ ನಿಜವಾಗಿ ನಡೆದದ್ದೋ ಎಂದು ನಾನು ಬರೆಯಬೇಕು.

ಕೆಲಸ ಕಲಿಸಿದವರು ನಮ್ಮ ಮೇಲ್ವಿಚಾರಕಿ. ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಹತ್ತು, ಒಂದು ಚುಕ್ಕೆ, ಎಂಟು ಎಂದು ಇದ್ದದ್ದನ್ನು ನಾನು ದಶಾಂಶ ಎಂದು ಓದಿದ್ದೆ. "ದಶಾಂಶ ಅಲ್ಲ ಅದು," ಎಂದರು ಆಪಾ. "ಹತ್ತು ಗೋಲು, ಎಂಟು ತಪ್ಪಿದ್ದು. ಹತ್ತಾರಲೆ ಅರವತ್ತು, ಎಂಟು ಕೂಡ್ಸು. ಅರವತ್ತೆಂಟು."

ಮೂರು ವರ್ಷದಲ್ಲಿ ಎಂತೆಂಥ ಕೆಂಪು ಸಾಲು ನೋಡಿದೆ. ಒಂದು ತಂಡ ಇಡೀ ಪಂದ್ಯದಲ್ಲಿ ಗಳಿಸಿದ್ದು ಒಂದೇ ಅಂಕ. ಅದೂ ಗುರಿ ತಪ್ಪಿ ಬಂದದ್ದು. ಟೈಪ್ ಮಾಡಿದವಳು ಒಂದು ಅಂಕಿ ಬಿಟ್ಟಿರಬೇಕು ಎಂದುಕೊಂಡು ಹಳೆಯ ಹಾಳೆ ತೆರೆದರೆ ಅಲ್ಲಿಯೂ ಒಂದೇ ಇತ್ತು. ಇನ್ನೊಂದು ತಂಡ ಒಂದರ ಹಿಂದೆ ಒಂದು ಐವತ್ತೊಂದು ಪಂದ್ಯ ಸೋತಿತ್ತು. ಎದುರಾಳಿಗಿಂತ ಹೆಚ್ಚು ಸಲ ಕಂಬದ ಕಡೆ ಒದ್ದು, ಹೆಚ್ಚಿನವು ಗುರಿ ತಪ್ಪಿದ್ದರಿಂದ ಸೋತವರು ಇದ್ದರು. ವರ್ಷದ ಕೊನೆಯ ದೊಡ್ಡ ಪಂದ್ಯವೇ ಸಮವಾಗಿ, ಮುಂದಿನ ವಾರ ಎಲ್ಲರೂ ಮತ್ತೆ ಬಂದು ಮೊದಲಿನಿಂದ ಆಡಿದ್ದೂ ಇತ್ತು. ಎಲ್ಲವೂ ಖರೆ. ಹೀಗೆ ಆಗಲಾರದು ಎಂದು ಕಂಪ್ಯೂಟರ್ ಹೇಳಿದ್ದನ್ನು ಆಗಿದೆ ಎಂದು ಬರೆಯುವುದೇ ನನ್ನ ದಿನದ ಕೆಲಸವಾಗಿತ್ತು. ಆ ಅಭ್ಯಾಸ ನನ್ನನ್ನು ಏನು ಮಾಡಿತು ಎಂಬುದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಮದುವೆಯಾಗಿ ಆರು ವರ್ಷದ ಮೇಲೆ ನಾನು ಬಸುರಾಗಿದ್ದೆ. ಗಂಡ ಔರಾದಿನಲ್ಲಿ ಶಾಲಾ ಶಿಕ್ಷಕರು, ದಿನವೂ ನೌಬಾದದ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಇಪ್ಪತ್ತೇಳನೆಯ ವಾರದಲ್ಲಿ, ಮಧ್ಯಾಹ್ನ ಆಫೀಸಿನಲ್ಲಿ ಕೂತಿದ್ದಾಗಲೇ ನೋವು ಶುರುವಾಯಿತು. ಡಬ್ಬಿಯ ಊಟ ಜೀರ್ಣವಾಗಿಲ್ಲ ಎಂದುಕೊಂಡೆ. ಕುರ್ಚಿಯಿಂದ ಎದ್ದಾಗ ಸೀರೆ ಒದ್ದೆಯಾಗಿತ್ತು. ಆಪಾ ನನ್ನನ್ನು ಮೆಟ್ಟಿಲಿಳಿಸಿ, ಆಟೋದಲ್ಲಿ ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಗಂಡ ಔರಾದಿನಿಂದ ಬಂದು ಮುಟ್ಟುವುದರೊಳಗೆ ಮಗಳು ಹುಟ್ಟಿದ್ದಳು. ಎಂಟುನೂರ ನಲವತ್ತು ಗ್ರಾಮ್.

ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ತೊಡೆ ನನ್ನ ಹೆಬ್ಬೆರಳಿನಷ್ಟಿತ್ತು. ಬಾಯಿಗೊಂದು ನಳಿಕೆ, ಹೊಕ್ಕುಳಿಗೊಂದು. ಪೆಟ್ಟಿಗೆಯ ಮೇಲಿನ ಪುಟ್ಟ ಯಂತ್ರದಲ್ಲಿ ಅಂಕಿಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಇಳಿದಾಗ ಕೆಂಪಾಗುತ್ತಿದ್ದವು.

ಎರಡನೆಯ ದಿನ ಡಾಕ್ಟರರನ್ನು ಬಾಗಿಲಲ್ಲೇ ತಡೆದು ಕೇಳಿದೆ. "ಇಷ್ಟು ತೂಕದ ಕೂಸು ಉಳಿದದ್ದು ಅದಾವೇನ್ರಿ?"

"ಅದಾವ್ರಿ," ಎಂದರು ಅವರು. "ಭಾಳ ಇಲ್ಲ. ಆದ್ರ ಅದಾವ."

ನನಗೆ ಅಷ್ಟು ಸಾಕಾಯಿತು. ಅವರು ಹೇಳಿದ "ಭಾಳ ಇಲ್ಲ" ನನ್ನ ಕಿವಿಗೆ ಬೀಳಲೇ ಇಲ್ಲ. ಆಗದ್ದು ಆಗುತ್ತದೆ ಎಂದು ದಿನಕ್ಕೆ ನಲವತ್ತು ಸಲ ಬರೆದ ಕೈ ನನ್ನದು. ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಅವಳಿಗಿಂತ ಸಣ್ಣದಾಗಿ ಹುಟ್ಟಿ ಬದುಕಿದ ಕೂಸುಗಳನ್ನು ಹುಡುಕಿದೆ. ಸಿಕ್ಕವರ ತೂಕವನ್ನು ಚೀಟಿಯ ಮೇಲೆ ಬರೆದುಕೊಂಡೆ. ಗಂಡನಿಗೆ ತೋರಿಸಿದೆ. "ನೋಡ್ರಿ, ಇದು ನಮ್ಮಕಿಕ್ಕಿಂತ ಇನ್ನೂರು ಗ್ರಾಮ್ ಕಡಿಮಿ ಇತ್ತು. ಈಗ ಸಾಲಿಗಿ ಹೋಗ್ತದ." ಅವರು ಚೀಟಿ ನೋಡಿ ತಲೆಯಾಡಿಸಿದರು. ಉಳಿಯದ ಕೂಸುಗಳ ಚಿತ್ರವನ್ನು ಯಾರೂ ಹಾಕುವುದಿಲ್ಲ ಎಂಬುದು ಅವರಿಗೆ ಹೊಳೆದಿತ್ತೆಂದು ಆಮೇಲೆ ಹೇಳಿದರು. ಆವತ್ತು ಹೇಳಲಿಲ್ಲ.

ತೂಕ ಎಂಟುನೂರ ಹದಿನೈದಕ್ಕೆ ಬಂತು, ಏಳುನೂರ ತೊಂಬತ್ತಕ್ಕೆ ಬಂತು. ಮೊದಲ ವಾರ ಎಲ್ಲ ಕೂಸುಗಳ ತೂಕವೂ ಇಳಿಯುತ್ತದೆ ಎಂದು ನರ್ಸ್ ಸಮಾಧಾನ ಹೇಳಿದರು. ಆರನೆಯ ದಿನ ಬೆಳಿಗ್ಗೆ ಅವರೇ ಹೊರಗೆ ಬಂದು, "ಹದಿನೈದು ಗ್ರಾಮ್ ಹೆಚ್ಚಾಗ್ಯದ ನೋಡ್ರಿ," ಎಂದರು. ಔರಾದಿಗೆ ಫೋನ್ ಮಾಡಿದೆ. ಗಂಡ ತರಗತಿಯಲ್ಲಿದ್ದರು. "ಎಷ್ಟು?" ಎಂದು ಮೂರು ಸಲ ಕೇಳಿದರು. ನಾನು ಮೂರು ಸಲವೂ ಹದಿನೈದು ಎಂದೆ. ಆವತ್ತು ಪೆಟ್ಟಿಗೆಯ ಕಿಂಡಿಯಲ್ಲಿ ಬೆರಳು ಹಾಕಿ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರನ್ನು ಕರೆದೆ. ಅವಳು ನನ್ನ ಬೆರಳಿನ ತುದಿ ಹಿಡಿದಳು.

ಒಂಬತ್ತನೆಯ ದಿನ ಅವಳ ಹೊಟ್ಟೆ ಉಬ್ಬಿತು. ಸೋಂಕು ಎಂದರು. ನಾನು ಹಿಂಡಿ ಕೊಟ್ಟ ಹಾಲನ್ನು ಒಳಗೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ನಮ್ಮಿಬ್ಬರನ್ನೂ ಒಳಗೆ ಕರೆದರು. ನಳಿಕೆಗಳನ್ನೆಲ್ಲ ತೆಗೆದಿದ್ದರು. ಮೊದಲ ಸಲ ಅವಳ ಪೂರ್ತಿ ಮುಖ ನೋಡಿದೆ.

ನಮ್ಮ ಮೆಥೋಡಿಸ್ಟ್ ಚರ್ಚಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪಾಸ್ಟರರು ಪ್ರಾರ್ಥನೆಯ ನಡುವೆ ನಿಂತು, ಕೂಸಿಗೆ ಹೆಸರು ಇಟ್ಟಿದ್ದಿರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡ್ಡ ಬಂದರು. "ಇಲ್ರಿ ಅಯ್ಯನವರೆ. ಹೆಸರು ಬ್ಯಾಡ್ರಿ. ಹೆಸರು ಇಟ್ರ ಇಕಿಗಿ ಮರಿಲಿಕ್ಕ ಆಗಲ್ಲ." ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ಪಾಸ್ಟರರು "ಈ ಮಗು" ಎಂದು ಹೇಳಿ ಪ್ರಾರ್ಥನೆ ಮುಗಿಸಿದರು.

ನನ್ನನ್ನು ಭಾಲ್ಕಿಗೆ, ತವರಿಗೆ ಕಳಿಸಿದರು. ಎದೆಹಾಲು ನಿಂತಿರಲಿಲ್ಲ. ಗಡಿಯಾರ ನೋಡಿದಂತೆ ಮೂರು ತಾಸಿಗೊಮ್ಮೆ ತುಂಬಿ ಬಂದು ಕಲ್ಲಾಗುತ್ತಿತ್ತು. ಅವ್ವ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಸಾವಿರ ಹೆರಿಗೆ ಕಂಡ ಆ ಹೆಂಗಸು ಹಾಲು ಬತ್ತಲೆಂದು ನನ್ನ ಎದೆಗೆ ಬಟ್ಟೆ ಕಟ್ಟಿ, ಗಂಟು ಬಿಚ್ಚಿ, ಮತ್ತೆ ಕಟ್ಟಿದಳು. ಓಣಿಯಲ್ಲಿ ಯಾವ ಕೂಸು ಅತ್ತರೂ ನನ್ನ ಕುಪ್ಪಸ ಒದ್ದೆಯಾಗುತ್ತಿತ್ತು. ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ.

ತಿಂಗಳಾದ ಮೇಲೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಲ್ಯಾಪ್‌ಟಾಪ್ ತರಿಸಿಕೊಂಡೆ. ಕೆಂಪು ಸಾಲುಗಳು ಬಂದವು. ಒಬ್ಬ ಆಟಗಾರ ತನ್ನ ಮೊದಲ ಪಂದ್ಯದಲ್ಲಿ ಮೊದಲ ಒದೆತಕ್ಕೇ ಗೋಲು ಹೊಡೆದಿದ್ದ. ನನಗೆ ಸಿಟ್ಟು ಬಂತು. ಈ ಸಾಲುಗಳೇ ನನ್ನನ್ನು ನಂಬಿಸಿ ಕೆಡವಿದ್ದು. ಒಂದು ಕೆಂಪು ಸಾಲಿನ ಹಿಂದೆ ಸಾವಿರಾರು ಬಿಳಿ ಸಾಲು ಇರುತ್ತವೆ, ಎಲ್ಲರಿಗೂ ಆಗುವುದೇ ಆದ ಸಾಲುಗಳು. ಅವು ನನ್ನ ತನಕ ಬರುವುದೇ ಇಲ್ಲ. ಮೂಲದ ಹಾಳೆ ತೆರೆಯದೆ "ತಪ್ಪು" ಎಂದು ಒತ್ತಿದೆ. ಮುಂದಿನದಕ್ಕೂ ಹಾಗೇ. ಆವತ್ತು ಬಂದ ಎಲ್ಲ ಸಾಲಿಗೂ, ಮರುದಿನ ಬಂದವಕ್ಕೂ ತಪ್ಪು ಎಂದೇ ಒತ್ತಿದೆ. ಅದರಲ್ಲೊಂದು ಕೆಟ್ಟ ನೆಮ್ಮದಿ ಇತ್ತು.

ಮೂರನೆಯ ದಿನ ಆಪಾ ಭಾಲ್ಕಿಗೆ ಬಂದರು. ಫೋನ್ ಕೂಡ ಮಾಡದೆ, ಬೆಳಗಿನ ಬಸ್ಸಿಗೆ. ಅವ್ವ ಕೊಟ್ಟ ಚಹಾ ಕುಡಿದು, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಎಲ್ಲಾ ತಪ್ಪು ಅಂತ ಬರ್ದೀ," ಎಂದರು. ಬೈಗುಳದ ದನಿ ಇರಲಿಲ್ಲ.

"ಇರಲಿ ಬಿಡ್ರಿ ಆಪಾ. ಯಾರಿಗಿ ಬೇಕಾಗ್ಯದ ಅದು?"

"ಆಡಿದವ್ರಿಗಿ ಬೇಕಾಗ್ಯದ. ಅವರ ಮನಿಯವ್ರಿಗಿ ಬೇಕಾಗ್ಯದ. ತೆಗಿ, ನಾ ಕುಂದರ್ತೇನಿ."

ಅವರು ಹಾಳೆ ಓದಿದರು, ನಾನು ತಿದ್ದಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಬಂತು. ಒಬ್ಬ ಆಟಗಾರ ಜೀವಮಾನದಲ್ಲಿ ಆಡಿದ್ದು ಒಂದೇ ಪಂದ್ಯ. ಒದ್ದದ್ದು ಸೊನ್ನೆ, ಹಿಡಿದದ್ದು ಸೊನ್ನೆ, ಗೋಲು ಸೊನ್ನೆ. ಚೆಂಡು ಅವನ ಕೈಗೆ ಬಂದೇ ಇರಲಿಲ್ಲ. ಪೆಟ್ಟು ಬಿದ್ದು ಬೇಗ ಹೊರಗೆ ಹೋಗಿರಬೇಕು.

"ಇದನ್ನರೆ ತೆಗೀರಿ ಆಪಾ," ಎಂದೆ. "ಏನೂ ಇಲ್ಲಲ್ಲ ಇದರಾಗ. ಖಾಲಿ ಅದ."

ಆಪಾ ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡರು. "ಖಾಲಿ ಬೇರೆ, ಸೊನ್ನೆ ಬೇರೆ. ಖಾಲಿ ಅಂದ್ರ ಯಾರೂ ನೋಡಿಲ್ಲ. ಸೊನ್ನೆ ಅಂದ್ರ ಅವ ಬಂದಿದ್ದ, ಒಬ್ಬರು ಕುಂತು ನೋಡ್ಯಾರ, ನೋಡಿ ಬರ್ದಾರ. ಅವನ ಹೆಸರು ಅದ ನೋಡು ಇಲ್ಲಿ."

ಹೊಸದಾಗಿ ಸೇರಿದವರಿಗೆ ಹೇಳುವ ಮಾತನ್ನೇ ಅವರು ಹೇಳಿದ್ದು, ಬೇರೆ ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಅಲ್ಲ. ಆದರೆ ನನಗೆ ಅಳು ಒತ್ತರಿಸಿ ಬಂತು. ಮಣ್ಣು ಮಾಡಿದ ದಿನವೂ ಅತ್ತಿರದಷ್ಟು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆಪಾ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತರು. ಸಂಜೆ ಬಸ್ಸಿಗೆ ಹೊರಡುವಾಗ ಕೇಳಿದೆ. "ಆಪಾ, ಆಸ್ಪತ್ರ್ಯಾಗ ನನ್ನ ಮಗಳಿಂದು ಬರ್ದಿರ್ತಾರೇನ್ರಿ?"

"ಹುಟ್ಟಿದ್ದು ಬರ್ದಿರ್ತಾರ. ಹೆಸರಿನ ಜಾಗ ಖಾಲಿ ಬಿಟ್ಟಿರ್ತಾರ. ಒಂದು ವರ್ಷದಾಗ ಹೋಗಿ ಬರಸ್ಲಿಕ್ಕ ಬರ್ತದ."

ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವರು, "ಯಾಕ ಮತ್ತ ಅದನ್ನ ಕೆದರ್ತಿ? ನನಗ ಆ ಆಸ್ಪತ್ರಿ ಮೆಟ್ಲು ಏರ್ಲಿಕ್ಕ ಆಗಲ್ಲ," ಎಂದರು. ನಾನು ಒತ್ತಾಯ ಮಾಡಲಿಲ್ಲ. ಸೋಮವಾರ ಒಬ್ಬಳೇ ಹೋಗುತ್ತೇನೆ ಎಂದೆ.

ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವರು ರಜೆ ಹಾಕಿ ಬಂದು ನಿಂತಿದ್ದರು. ಇಬ್ಬರೂ ಆಸ್ಪತ್ರೆಗೆ ನಡೆದೆವು. ಜನನ ಮರಣದ ಕೋಣೆಯ ಮುಂದಿನ ಸಾಲಿನಲ್ಲಿದ್ದವರೆಲ್ಲ ಕೂಸು ಎತ್ತಿಕೊಂಡಿದ್ದರು. ನಾವಿಬ್ಬರೂ ಬರಿಗೈಯಲ್ಲಿದ್ದೆವು. ನನ್ನ ಎದೆ ಮತ್ತೆ ಹಾಲು ತುಂಬಿ ಬಿಗಿಯಾಯಿತು. ಓಡಿ ಹೋಗಬೇಕು ಎನ್ನಿಸಿತು.

ಗುಮಾಸ್ತರು ವಯಸ್ಸಾದವರು. ಅರ್ಜಿ ಓದಿ, ರಿಜಿಸ್ಟರಿನಲ್ಲಿ ಹುಡುಕಿ, ತಲೆ ಎತ್ತಿದರು. "ಮಗು ತೀರಿಕೊಂಡದ ಅಲ್ರಿ. ಹೆಸರು ಎದಕ್ಕ ಬೇಕಾಗ್ಯದ್ರಿ? ಸಾಲಿಗಿ, ಆಧಾರಕ್ಕ, ಎದಕ್ಕೂ ಬರಲ್ಲ."

ಗಂಡ ಹೇಳಿದರು. "ಎದಕ್ಕೂ ಬ್ಯಾಡ್ರಿ ಸಾಹೇಬ್ರ. ಆಕಿಗಿ ಹೆಸರು ಇತ್ರಿ. ಬರೀರಿ." ಆ ಹೆಸರನ್ನು ಅವರೇ ಹೇಳಿದರು. ನಾನು ಕಿಂಡಿಯಲ್ಲಿ ಬೆರಳಿಟ್ಟು ಕರೆದದ್ದನ್ನು ಆವತ್ತೇ ಅವರಿಗೆ ಹೇಳಿದ್ದೆ. ಅವರು ಮರೆತಿರಲಿಲ್ಲ.

ಗುಮಾಸ್ತರು ಅಕ್ಷರ ಒಂದೊಂದಾಗಿ ಬಿಡಿಸಿ ಹೇಳಿಸಿಕೊಂಡು ಬರೆದರು. ವಾರದ ಮೇಲೆ ಎರಡು ಪ್ರಮಾಣಪತ್ರ ಕೊಟ್ಟರು, ಹುಟ್ಟಿದ್ದಕ್ಕೊಂದು, ಸತ್ತದ್ದಕ್ಕೊಂದು. ಎರಡರ ತಾರೀಖಿನ ನಡುವೆ ಹತ್ತು ದಿನದ ಅಂತರ. ಇದರಿಂದ ಮನಸ್ಸು ಹಗುರಾಯಿತು ಎಂದು ಬರೆದರೆ ಸುಳ್ಳಾದೀತು. ನೌಬಾದದ ಮನೆಗೆ ಬಂದು ಅವನ್ನು ಮಂಚದ ಮೇಲೆ ಇಟ್ಟು, ಇಬ್ಬರೂ ಊಟ ಮಾಡದೆ ಗೋಡೆಗೆ ಒರಗಿ ಕೂತೆವು.

ಆ ಭಾನುವಾರ ಅತ್ತೆ ಸಂತಪುರದಿಂದ ಬಂದರು. ಹಾಸಿಗೆ ಸರಿಮಾಡುವಾಗ ಕಾಗದ ಕಂಡು, ಏನಿದು ಎಂದರು. ಅವರಿಗೆ ಓದಲು ಬಾರದು. ಬೈಯುತ್ತಾರೆ ಎಂದುಕೊಂಡೇ ಹೇಳಿದೆ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಹೆಸರು ಎಲ್ಲಿ ಅದ ಇದರಾಗ?"

ಬೆರಳಿಟ್ಟು ತೋರಿಸಿದೆ.

"ಓದು," ಎಂದರು.

ಓದಿದೆ. ಅವರು ಮೆಲ್ಲಗೆ ತಾವೂ ಒಂದು ಸಲ ಹೇಳಿ ನೋಡಿದರು. ಕಾಗದ ನನ್ನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು, ರೊಟ್ಟಿ ಬಡಿಯಲು ಅಡುಗೆಮನೆಗೆ ಹೋದರು.